ಮೂರನೇ ಹೊಂಡದ ಕೋಡಿ

ನಕ್ಷೆಯಲ್ಲಿ ಬರೆಯುವುದು ಸ್ಪಿಲ್‌ವೇ ಎಂದು.
ಬಾಯಿಗೆ ಬರುವುದು ಕೋಡಿ.
ಏರಿ, ತೂಬು, ಹೂಳು,
ಈ ಮಾತುಗಳಿಗೆ ಯಾರೂ ವೀಸಾ ಕೇಳಲಿಲ್ಲ,
ಪೆನ್ಸಿಲ್ ಡಬ್ಬಿಯಲ್ಲಿ ಕೂತು ಬಂದುಬಿಟ್ಟಿವೆ
ಘಲೀಲಾದ ಬೆಟ್ಟದ ಬುಡಕ್ಕೆ.

ಬೆಟ್ಟ ಎಂದರೆ ಅರ್ಧ ಬೆಟ್ಟ.
ಉಳಿದರ್ಧ ಸಿಮೆಂಟಾಗಿ, ಜಲ್ಲಿಯಾಗಿ
ಹಡಗು ಹತ್ತಿ ಹೋಗಿದೆ.
ಕ್ವಾರಿ ಮುಚ್ಚಿ ಮೂರು ವರ್ಷ.
ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬಂಡೆಯ ಮೇಲೆ
ಮಣ್ಣು ಹರವಿ ಗಾಫ್ ಸಸಿ ನೆಟ್ಟಿದ್ದಾರೆ,
ಪ್ರತಿ ಸಸಿಗೂ ಒಂದು ನಂಬರು, ಒಂದು ಹನಿ ಪೈಪು.
ಅದರ ಕೆಳಗೆ ಮೂರು ಹೊಂಡ,
ಒಂದರ ಹಿಂದೊಂದು, ಬಾಯಿ ತೆರೆದು, ಒಣಗಿ.

ನನ್ನ ಕೆಲಸ, ಇಲ್ಲದ ನೀರಿಗೆ ಅಳತೆ ಹಾಕುವುದು.
ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಮಳೆ
ಒಂದು ಹಗಲು ಒಂದು ಇರುಳಲ್ಲಿ ಎಷ್ಟು ಸುರಿದೀತು,
ಎಷ್ಟು ಸುಣ್ಣದ ಹುಡಿ ಹೊತ್ತು ತಂದೀತು?
ಕಂಪ್ಯೂಟರು ಹೇಳುತ್ತದೆ, ಎರಡು ದಶಾಂಶದವರೆಗೆ.
ಹೊರಗೆ ನಲವತ್ತಾರು ಡಿಗ್ರಿ.

ಜರ್ದಾದ್ ಖಾನ್ ಮೊದಲ ಹೊಂಡದ ಹೂಳು ಬಗೆದ.
ಬಕೆಟ್ಟು ಕೊಯ್ದ ಗೋಡೆಯಲ್ಲಿ ಪದರ ಕಂಡವು,
ಬಿಳಿ, ಬೂದು, ಮತ್ತೆ ಬಿಳಿ.
ಸಂಡೂರಿನಲ್ಲಿ ನಾನು ಕಂಡ ಹೂಳು ಕೆಂಪು,
ಅಂಗಿಗೆ ಹತ್ತಿದರೆ ಬಿಡದು.
ಇದು ಕಂಡೂ ಕಾಣದ ಕಲೆ.
ಇಳಿದು ಎಣಿಸಿದೆವು: ಹದಿನಾಲ್ಕು ಮಳೆ.
ಆರನೆಯದರ ಬೆನ್ನ ಮೇಲೆ ಒಂದು ಮೇಕೆಯ ಗೊರಸು,
ಹಸಿಯಿದ್ದಾಗ ದಾಟಿದ್ದು, ಅಂಚು ಕೂಡ ಮಾಸಿಲ್ಲ.
"ಎಲ್ಲಿಗೆ ಹೊರಟಿತ್ತೋ," ಎಂದ ಖಾನ್,
ಅದರ ಪಕ್ಕದಿಂದ ಅಗೆದ.
ಮಧ್ಯಾಹ್ನದ ಹೊತ್ತಿಗೆ ಅದೂ ಲಾರಿಯಲ್ಲಿತ್ತು.

ಉಬೈದ್ ಬಂದದ್ದು ಮರುದಿನ.
ಅವನ ಖರ್ಜೂರದ ತೋಟ ಕೆಳಗೆ, ಕಣಿವೆಯ ಬಾಯಲ್ಲಿ.
ಸಲಾಂ ಹೇಳಿದ, ಚಹಾ ಬೇಡವೆಂದ,
ಮೇಜಿನ ಮೇಲೊಂದು ಬಾಟಲಿ ಇಟ್ಟ.
ಕಳೆದ ಮಳೆಯ ನೀರು.
ಪಿಕಪ್ಪಿನ ಕುಲುಕಿಗೆ ಕದಡಿ ಮಜ್ಜಿಗೆಯಾಗಿತ್ತು.
"ಇದು ನಿಮ್ಮದು."
ಅಷ್ಟೇ ದೂರು.

ಕಿಟಕಿಯಲ್ಲಿಟ್ಟೆ. ದಿನಾ ಬೆಳಿಗ್ಗೆ ಸ್ಕೇಲು ಹಿಡಿದು ಅಳೆದೆ.
ಮರಳು ನಾನು ಕುರ್ಚಿಗೆ ಕೂರುವಷ್ಟರಲ್ಲೇ ಕೂತಿತ್ತು.
ನುಣ್ಣನೆಯ ಹುಡಿಗೆ ಮಾತ್ರ ಅವಸರವಿಲ್ಲ,
ಕೊನೆಯ ಬಸ್ಸು ಹೋದ ಮೇಲೂ
ನಿಲ್ದಾಣದಲ್ಲಿ ನಿಂತವರ ಹಾಗೆ.
ಒಂಬತ್ತನೇ ದಿನ ಬಾಟಲಿಯಾಚೆ ಕ್ರೇನು ಕಂಡಿತು.
ಎಂಥ ಭಾಷೆ ನನ್ನದು!
ನೀರು ನಿಂತು ಶುದ್ಧವಾದರೂ ತಿಳಿ,
ಮಾತು ಒಳಗಿಳಿದರೂ ತಿಳಿ.

ಉಬೈದ್ ಮತ್ತೆ ಬಂದಾಗ ನಕ್ಷೆ ಬಿಡಿಸಿದೆ,
ಬಾಟಲಿಯನ್ನೂ ತೋರಿಸಿದೆ, ಕೊಂಚ ಜಂಭದಲ್ಲೇ.
ಎತ್ತಿಕೊಂಡ. ಬೆಳಕಿಗೆ ಹಿಡಿದ.
ಆಮೇಲೆ ಜೋರಾಗಿ ಅಲ್ಲಾಡಿಸಿದ.
ಒಂಬತ್ತು ದಿನ ಒಂದೇ ಉಸಿರಲ್ಲಿ ಹೋಯಿತು.
"ವಾದಿ ಬರುವುದು ಹೀಗೆ," ಎಂದ.
"ಅದು ಕಿಟಕಿಯಲ್ಲಿ ಕೂರುವುದಿಲ್ಲ."

ಆ ರಾತ್ರಿ ಎಲ್ಲ ಅಳಿಸಿದೆ.
ಬಿದ್ದ ನೀರು ಹಳೆಯ ಹೂಳನ್ನು ಎಬ್ಬಿಸದ ಹಾಗೆ
ಮೊದಲ ಹೊಂಡದ ಬಾಯಿಗೆ ಬಂಡೆಯ ಹಾಸು.
ಎರಡನೆಯದರಲ್ಲಿ ಅಡ್ಡಗೋಡೆ, ಎಡಕ್ಕೊಂದು ಬಲಕ್ಕೊಂದು,
ಹಾದಿ ಉದ್ದವಾಗಲಿ, ನೀರಿಗೆ ಸುಸ್ತಾಗಲಿ.
ಮೂರನೆಯದರ ಕೋಡಿ ಎರಡು ಮೊಳ ಎತ್ತರಿಸಿ, ಅಗಲಿಸಿ,
ಹಾರದೆ, ದೋಸೆಯಷ್ಟು ತೆಳ್ಳಗೆ ಹೊರಳಲಿ.
ನಡುವೆ ಒಂದು ಕಂಬ, ಅದಕ್ಕೊಂದು ಕೆಂಪು ಗೆರೆ:
ಹೂಳು ಇಲ್ಲಿ ಮುಟ್ಟಿದರೆ ಎತ್ತಿರಿ.
ಅದು ನಾನಿಲ್ಲದ ವರ್ಷಗಳಿಗೆ.
ಇಷ್ಟು ಖರ್ಚೇಕೆ ಎಂದ ಮ್ಯಾನೇಜರಿಗೆ
ಬಾಟಲಿ ಅಲ್ಲಾಡಿಸಿ ತೋರಿಸಿದೆ.

ಫೆಬ್ರವರಿಯ ಒಂದು ರಾತ್ರಿ ಬೆಟ್ಟ ಸದ್ದು ಮಾಡಿತು,
ಮಳೆಯದಲ್ಲ, ಕಲ್ಲು ಕಲ್ಲಿಗೆ ತಾಗುವ ಸದ್ದು.
ಖಾನ್ ಗಾಡಿ ತಂದ. ಟಾರ್ಚಿನಲ್ಲಿ ಕಂಡ ಮೊದಲ ಹೊಂಡ
ಉಕ್ಕುವ ಹಾಲು.
ಎರಡನೆಯದು ಗೋಡೆ ಸುತ್ತಿ ಸುತ್ತಿ ಗೊಣಗುತ್ತಿತ್ತು.
ಉಬೈದ್ ಆಗಲೇ ಅಲ್ಲಿದ್ದ, ಕಂದೂರಾ ಮೊಣಕಾಲಿಗೆ ಎತ್ತಿಕಟ್ಟಿ
ಮೂರನೆಯದರ ಏರಿಯ ಮೇಲೆ.
ನಾಲ್ಕು ಗಂಟೆಗೆ, "ಕೋಡಿ ಬಿತ್ತು!"
ಕೂಗಿದೆ, ಕನ್ನಡದಲ್ಲೇ.
ಇಬ್ಬರೂ ಹೂಂ ಎಂದರು.

ಅದೇ ಬಾಟಲಿ ಒಡ್ಡಿ ತುಂಬಿಸಿದೆ.
ಟಾರ್ಚಿನ ಬೆಳಕು ಒಳಹೊಕ್ಕಿತು,
ಆಚೆ ಹಾಯಿತೋ, ನಡುವೆ ನಿಂತಿತೋ.
ಮುಚ್ಚಳ ಬಿಗಿದು, ಅಲ್ಲಾಡದಂತೆ ಮಡಿಲಲ್ಲಿಟ್ಟು
ಬಂಡೆಯ ಮೇಲೆ ಕೂತೆ. ಅವರೂ ಕೂತರು.
ತಿಳಿಯಬೇಕಾದರೆ ಬೆಳಗಾಗಬೇಕು.